ಬೆಳಗಾವಿಯ ಮಾಗಿಯ ಚಳಿ

ಪ್ರಶ್ನೆ: ಹಲಸಿಯಿಂದ ಬೆಳಗಾವಿಯ ಕಾಲೇಜಿಗೆ ಹೋಗಿ ಓದಿದ ನಮ್ಮ ಹಿರಿಯರು ಅಲ್ಲಿಯ ಮಾಗಿಯ ಚಳಿಯನ್ನು ಇಂದಿಗೂ ನೆನೆಯುವರು. ಹಿಮವೇ ಬೀಳದ ಊರಿನಲ್ಲಿ ಅಷ್ಟು ಚಳಿ ಏಕೆ?

ಉತ್ತರ: ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ, ಸಹ್ಯಾದ್ರಿಯ ಮೂಡಣ ಮಗ್ಗುಲಿನಲ್ಲಿ ನೆಲೆಸಿರುವ ಬೆಳಗಾವಿಯಲ್ಲಿ, ಮಳೆಗಾಲದ ಮೋಡಗಳು ಚದುರಿ ಮಾರ್ಗಶಿರ, ಪುಷ್ಯಮಾಸಗಳ ಆಕಾಶವು ನಿರ್ಮಲವಾದೊಡನೆ, ಹಗಲೆಲ್ಲ ಭೂಮಿಯು ಸಂಗ್ರಹಿಸಿದ ಉಷ್ಣವು ತಡೆಯುವ ಮೇಘಾವರಣವಿಲ್ಲದೆ ರಾತ್ರಿಯಲ್ಲಿ ವಿಸರ್ಜಿತವಾಗುವುದರಿಂದ, ಅರುಣೋದಯದ ವೇಳೆಗೆ ನೆಲವೂ ಅದಕ್ಕೆ ತಾಗಿದ ಗಾಳಿಯೂ ಅತಿಶಯವಾಗಿ ತಣ್ಣಗಾಗುವುವು, ಒಣಗಾಳಿ ಬೀಸಿದರಂತೂ ಮೈಗೆ ಆ ಶೈತ್ಯವು ಇಮ್ಮಡಿಯಾಗಿ ತೋರುವುದು. ಕದಂಬರ ಹಲಸಿಯ ಆಸುಪಾಸಿನ ಕಾಡುಗಳಲ್ಲಿ ಮರಗಳ ಮೇಲಾವರಣವು ಈ ಉಷ್ಣವನ್ನು ಕಿಂಚಿತ್ತಾದರೂ ತಡೆಹಿಡಿಯುವುದು. ಬೆಳಗಾವಿಯ ಬಯಲಿಗೆ ಆ ಆಸರೆಯಿಲ್ಲ. 1933ರಲ್ಲಿ ಸ್ಥಾಪಿತವಾದ ಲಿಂಗರಾಜ ಕಾಲೇಜಿನಂತಹ ವಿದ್ಯಾಲಯಗಳಿಗೆ ಹಳ್ಳಿಗಳಿಂದ ಬಂದು, ಉಣ್ಣೆಯ ಉಡುಪು ದುರ್ಲಭವಾಗಿದ್ದ ಕಾಲದಲ್ಲಿ, ವಿದ್ಯೆಗಾಗಿ ಈ ಚಳಿಯನ್ನು ಸಹಿಸಿದ ಹಿರಿಯರು ನಮ್ಮ ಗೌರವಕ್ಕೆ ಸರ್ವಥಾ ಪಾತ್ರರು.