ರಾಗಿಯ ಪೈರು, ಗರಿಯ ಶಿಲುಬೆ
ಮಕ್ಕಳ ಕೈಗೆಲಸದಲ್ಲಿ ಕಥೋಲಿಕ ಹಬ್ಬಗಳ ಒಂದು ವರ್ಷ

ಕಥೋಲಿಕ ಧರ್ಮಸಭೆಯ ವರ್ಷವು ಜನವರಿಯಲ್ಲಿ ಆರಂಭವಾಗುವುದಿಲ್ಲ. ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವೇ ಅದರ ಹೊಸ ವರ್ಷ. ಶಾಲೆಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿ ನಡೆದಿರುವಾಗಲೇ ದೇವಾಲಯಗಳಲ್ಲಿ ಕಾಯುವಿಕೆಯ ದಿನಗಳು ಮೊದಲಾಗುತ್ತವೆ. ಅಲ್ಲಿಂದ ಮುಂದಿನ ನವೆಂಬರಿನವರೆಗೆ ಹಬ್ಬಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದು ಹಬ್ಬಕ್ಕೂ ಒಂದು ಕಥೆ, ಒಂದು ತಿನಿಸು, ಮಕ್ಕಳ ಕೈಗೆ ಒಂದು ಕೆಲಸ ಇದ್ದೇ ಇದೆ.

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಿಗೆ ಈ ಕೈಗೆಲಸವು ಬರಿಯ ಕಾಲಕ್ಷೇಪವಲ್ಲ. ಇಲ್ಲಿಯ ದೇವಾಲಯಗಳ ಬಲಿಪೂಜೆ ಬಹುಮಟ್ಟಿಗೆ ತಮಿಳಿನಲ್ಲಿ ನಡೆಯುತ್ತದೆ. 2006ರ ತಮಿಳು ಕಲಿಕಾ ಕಾಯಿದೆಯ ಮೇರೆಗೆ 2006–07ರಿಂದ ಒಂದನೆಯ ತರಗತಿ ಮೊದಲ್ಗೊಂಡು ಹಂತಹಂತವಾಗಿ ತಮಿಳು ಎಲ್ಲ ಮಕ್ಕಳ ಕಡ್ಡಾಯ ಪಾಠವಾಯಿತು. ಕನ್ನಡ ಮಾಧ್ಯಮದ ಮಗು ವಿಜ್ಞಾನವನ್ನೂ ಗಣಿತವನ್ನೂ ಕನ್ನಡದಲ್ಲಿ ಓದುತ್ತದೆ. ಆದರೆ ಹಬ್ಬದ ಮಾತನ್ನು ಕನ್ನಡದಲ್ಲಿ ಕೇಳುವ ಸ್ಥಳ ಅದಕ್ಕೆ ಮನೆಯೊಂದೇ. ‘ಗೋದಲಿ’, ‘ಗರಿಗಳ ಭಾನುವಾರ’, ‘ವಿಭೂತಿ ಬುಧವಾರ’ ಎಂಬ ಪದಗಳು ಅಡುಗೆಮನೆಯಲ್ಲಿಯೂ ಜಗಲಿಯ ಮೇಲೂ ಕೇಳಿಬರದೆ ಹೋದರೆ ಮತ್ತೆಲ್ಲಿಯೂ ಕೇಳಿಬರಲಾರವು.

ಹಳೆಯ ನೆಲ, ಎರಡು ನುಡಿ

ಈ ಭಾಗದಲ್ಲಿ ಕನ್ನಡವೂ ಕ್ರೈಸ್ತ ಧರ್ಮವೂ ನಿನ್ನೆ ಮೊನ್ನೆ ಭೇಟಿಯಾದವುಗಳಲ್ಲ. 17ನೆಯ ಶತಮಾನದ ಮಧ್ಯದಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಅವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿ, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದರು. ಬಾರಾಮಹಲ್ ಎಂದು ಕರೆಯುತ್ತಿದ್ದ ಧರ್ಮಪುರಿ ಸೀಮೆಯು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿಯೇ ಇತ್ತು. ಸೇಲಂ ಧರ್ಮಪ್ರಾಂತ್ಯವು 1930ರಲ್ಲಿ ಸ್ಥಾಪಿತವಾಯಿತು. ಅದರಿಂದ ಬೇರ್ಪಟ್ಟು ಧರ್ಮಪುರಿ ಧರ್ಮಪ್ರಾಂತ್ಯವು 1997ರಲ್ಲಿ ರೂಪುಗೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಗೆ ಆಯಾ ನಾಡಿನ ಭಾಷೆಗಳನ್ನು ಬಳಸಲು ಅವಕಾಶವಿತ್ತ ಮೇಲೆ, ಲತೀನಿನ ಸ್ಥಾನಕ್ಕೆ ಗಡಿಯ ಆಚೆ ಕನ್ನಡ ಬಂದಿತು, ಈಚೆ ತಮಿಳು ಬಂದಿತು.

ಇದರಲ್ಲಿ ಕೊರಗಬೇಕಾದದ್ದೇನೂ ಇಲ್ಲ. ಎರಡು ನುಡಿಗಳಲ್ಲಿ ಪ್ರಾರ್ಥಿಸಬಲ್ಲ ಮಗು ಬಡವಾಗುವುದಿಲ್ಲ. ಆದರೆ ಒಂದು ನುಡಿಯನ್ನು ದೇವಾಲಯವು ಕಾಯುವಾಗ ಇನ್ನೊಂದನ್ನು ಮನೆ ಕಾಯಬೇಕಾಗುತ್ತದೆ.

ಗೋದಲಿಗೆ ರಾಗಿಯ ಹುಲ್ಲುಗಾವಲು

ಯೇಸುಕಂದನ ಜನನದೃಶ್ಯವನ್ನು ಕಣ್ಣೆದುರು ನಿಲ್ಲಿಸುವ ಪದ್ಧತಿಗೆ ಪ್ರಸಿದ್ಧಿ ತಂದವರು ಅಸಿಸಿಯ ಸಂತ ಫ್ರಾನ್ಸಿಸರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ಜೀವಂತ ಎತ್ತನ್ನೂ ಕತ್ತೆಯನ್ನೂ ಕರೆತಂದು ಆ ರಾತ್ರಿಯ ಬಡತನವನ್ನು ಜನರಿಗೆ ಕಾಣಿಸಿದರು. ಇಂದು ಅಂಗಡಿಯಲ್ಲಿ ದೊರೆಯುವ ಪ್ಲಾಸ್ಟಿಕ್ ಹುಲ್ಲು ಆ ಕಥೆಯನ್ನು ಹೇಳಲಾರದು. ಮೊಳೆಯುವ ಕಾಳು ಹೇಳಬಲ್ಲದು.

ಕ್ರೊಯೇಷಿಯ, ಹಂಗೇರಿ ದೇಶಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದಂದು ತಟ್ಟೆಯಲ್ಲಿ ಗೋಧಿಯನ್ನು ಬಿತ್ತುವರು. ಕ್ರಿಸ್ತ ಜಯಂತಿಯ ವೇಳೆಗೆ ಅದು ಹಸುರಾಗಿ ನಿಲ್ಲುತ್ತದೆ. ಧರ್ಮಪುರಿಯಂಥ ರಾಗಿಯ ಸೀಮೆಯಲ್ಲಿ ಆ ಕೆಲಸಕ್ಕೆ ರಾಗಿಗಿಂತ ಒಳ್ಳೆಯ ಕಾಳು ಬೇಕಿಲ್ಲ. ತೆಂಗಿನ ಚಿಪ್ಪಿನಲ್ಲಾಗಲಿ ಅಗಲವಾದ ತಟ್ಟೆಯಲ್ಲಾಗಲಿ ಎರಡು ಬೆರಳಿನಷ್ಟು ಮಣ್ಣು ಹರಡಿ, ಒಂದು ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ ದಿನವೂ ನೀರು ಚಿಮುಕಿಸಬೇಕು. ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ಡಿಸೆಂಬರ್ 24ರ ಹೊತ್ತಿಗೆ ಜೇಡಿಮಣ್ಣಿನ ಕುರಿಗಳನ್ನು ನಿಲ್ಲಿಸುವಷ್ಟು ಹುಲ್ಲುಗಾವಲು ಸಿದ್ಧವಾಗಿರುತ್ತದೆ. ಕುರಿಗಳನ್ನೂ ಕುರುಬರನ್ನೂ ಮಕ್ಕಳೇ ಮಾಡಲಿ. ಕಾಲು ಸೊಟ್ಟಗಾದ ಕುರಿಗೂ ಅಲ್ಲಿ ಸ್ಥಳವಿದೆ.

ಎರಡು ನಿಯಮಗಳನ್ನು ಪಾಲಿಸಿದರೆ ಗೋದಲಿಯೇ ಪಾಠವಾಗುತ್ತದೆ. 24ರ ರಾತ್ರಿಯವರೆಗೆ ಗೋದಲಿ ಬರಿದಾಗಿಯೇ ಇರಬೇಕು; ಕಂದನನ್ನು ಮನೆಯ ಅತಿ ಚಿಕ್ಕ ಮಗುವಿನ ಕೈಯಿಂದ ಮಲಗಿಸಬೇಕು. ಪೂರ್ವದೇಶದ ಮೂವರು ಜ್ಞಾನಿಗಳನ್ನು ಮೊದಲ ದಿನವೇ ಹತ್ತಿರ ನಿಲ್ಲಿಸದೆ ಮನೆಯ ದೂರದ ಮೂಲೆಯಿಂದ ಹೊರಡಿಸಿ, ದಿನಕ್ಕೊಂದು ಗೇಣು ಮುಂದಿಡುತ್ತ ಜನವರಿ 6ರಂದು ಸೇರಿಸಬೇಕು. ಕಾಯುವುದು, ನಡೆಯುವುದು, ತಲುಪುವುದು ಎಂಬ ಮೂರನ್ನೂ ಉಪದೇಶವಿಲ್ಲದೆ ಮಗು ಅರಿಯುತ್ತದೆ.

ಬಿದಿರಿನ ನಕ್ಷತ್ರ

ಬಾಗಿಲ ಮುಂದಿನ ನಕ್ಷತ್ರಕ್ಕೆ ಒಂದೇ ಅಳತೆಯ ಹತ್ತು ಬಿದಿರಿನ ಸೀಳುಗಳು, ಐದು ಗಿಡ್ಡ ಕಡ್ಡಿಗಳು, ದಾರ, ಬಣ್ಣದ ತೆಳು ಕಾಗದ ಮತ್ತು ಮೈದಾ ಕುದಿಸಿದ ಅಂಟು ಸಾಕು. ಐದೈದು ಸೀಳುಗಳಿಂದ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿಯಬೇಕು. ಬಳಿಕ ನಡುವಿನಲ್ಲಿ ಸೀಳುಗಳು ಹಾಯುವ ಐದು ಸಂಧಿಗಳಲ್ಲಿ ಗಿಡ್ಡ ಕಡ್ಡಿಗಳನ್ನು ನಿಲ್ಲಿಸಿದರೆ ನಕ್ಷತ್ರವು ಉಬ್ಬಿ ನಿಲ್ಲುತ್ತದೆ. ನಡುವೆ ಮೂಡುವ ಪಂಚಭುಜವನ್ನು ಗಣಿತ ಪುಸ್ತಕದ ಚಿತ್ರದೊಡನೆ ಹೋಲಿಸಿ ನೋಡಲು ಮಕ್ಕಳಿಗೆ ಹೇಳಬೇಕು. ಒಳಗೆ ಮೇಣದ ಬತ್ತಿ ಬೇಡ. ಬಿಸಿಯಾಗದ ಸಣ್ಣ ಎಲ್‌ಇಡಿ ದೀಪ ಸಾಕು. ಬಿದಿರು ಸೀಳುವುದು ಹಿರಿಯರ ಕೆಲಸ. ಕಟ್ಟುವುದು, ಅಂಟಿಸುವುದು ಮಕ್ಕಳದು.

ಒಂದು ತಿನಿಸು, ಮೂರು ಹೆಸರು

ಕ್ರಿಸ್ತ ಜಯಂತಿಯ ತಿಂಡಿಗಳಿಗೆ ಮಂಗಳೂರಿನ ಕಥೋಲಿಕರು ‘ಕುಸ್ವಾರ್’ ಎನ್ನುತ್ತಾರೆ. ಅದರಲ್ಲಿ ಮಕ್ಕಳ ಕೈಗೆ ಚೆನ್ನಾಗಿ ಒಗ್ಗುವುದು ಶಂಖದಂತೆ ಸುರುಳಿಗೊಂಡ ಸಿಹಿ. ಅಲ್ಲಿ ಅದು ‘ಕಿಡಿಯೊ’. ಬೇರೆ ಹಲವೆಡೆ ಅದೇ ‘ಕಲ್‌ಕಲ್’.

ಎರಡು ಬಟ್ಟಲು ಮೈದಾ, ಕಾಲು ಬಟ್ಟಲು ಪುಡಿಸಕ್ಕರೆ, ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು ಸೇರಿಸಿ, ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆಗಳನ್ನು ಮುಳ್ಳುಚಮಚದ ಬೆನ್ನಿನ ಮೇಲೋ, ಇದಕ್ಕೆಂದೇ ತೆಗೆದಿರಿಸಿದ ಹೊಸ ಬಾಚಣಿಗೆಯ ಮೇಲೋ ಒತ್ತಿ ಹರಡಿ, ಒಂದು ಅಂಚಿನಿಂದ ಸುರುಳಿ ಸುತ್ತಿದರೆ ಗೆರೆಗೆರೆಯ ಶಂಖ ದೊರೆಯುತ್ತದೆ. ಹದವಾದ ಉರಿಯಲ್ಲಿ ಕರಿಯುವುದು ಹಿರಿಯರಿಗೇ ಸೇರಿದ್ದು. ಬೇಕಾದವರು ಸಕ್ಕರೆಯ ಪಾಕದಲ್ಲಿ ಹೊರಳಿಸಬಹುದು.

ತಟ್ಟೆಯಲ್ಲಿ ಜೊತೆಗಿರುವ ಇತರ ತಿಂಡಿಗಳೂ ನುಡಿಯ ಪಾಠವನ್ನೇ ಹೇಳುತ್ತವೆ. ಕಾಯಿ, ಸಕ್ಕರೆಯ ಹೂರಣ ತುಂಬಿದ ಕರ್ಜಿಕಾಯಿ ಕನ್ನಡದ್ದು; ಅದೇ ತಮಿಳಿನ ಸೋಮಾಸಿ, ಕೊಂಕಣಿಯ ನೆವ್ರಿ. ಕನ್ನಡದ ಕಜ್ಜಾಯವೇ ತಮಿಳರ ಅದಿರಸಂ. ಸೇಲಂ ಸೀಮೆಯ ಮರಗೆಣಸಿನಿಂದ ತಯಾರಾಗಿ ದೇಶದಾದ್ಯಂತ ಹೋಗುವ ಸಬ್ಬಕ್ಕಿಯನ್ನು ಇಲ್ಲಿಯ ಅಂಗಡಿಗಳಲ್ಲಿ ಜವ್ವರಿಸಿ ಎಂದು ಕೇಳಬೇಕು. ಒಂದು ಹಾಳೆಯಲ್ಲಿ ಎರಡು ಸಾಲು ಗೆರೆ ಎಳೆದು ಈ ಜೋಡಿ ಹೆಸರುಗಳನ್ನು ಮಗುವಿನ ಕೈಯಿಂದಲೇ ಬರೆಯಿಸಿದರೆ, ಯಾವ ನುಡಿಯನ್ನೂ ತಳ್ಳದೆ ತನ್ನದನ್ನು ಉಳಿಸಿಕೊಳ್ಳುವ ಬಗೆ ಅದಕ್ಕೆ ತಿಳಿಯುತ್ತದೆ. ದೀಪಾವಳಿಯಲ್ಲಿ ನೆರೆಮನೆಯಿಂದ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದೆ ಡಿಸೆಂಬರಿನಲ್ಲಿ ತುಂಬಿ ಕಳುಹಿಸುವುದು ಈ ಪಾಠದ ಉತ್ತರಾರ್ಧ. ತಟ್ಟೆಯನ್ನು ಹೊತ್ತೊಯ್ಯುವ ಕೆಲಸ ಮಕ್ಕಳದೇ ಆಗಿರಲಿ. ಬೇರೆ ಧರ್ಮದ ಸಹಪಾಠಿಗಳಿಗೂ ಹಬ್ಬದ ಅರ್ಥ ತಿಳಿಯುವುದು ಆ ಬಾಗಿಲಲ್ಲಿ.

ಗರಿಯಿಂದ ಬೂದಿಗೆ

ತಪಸ್ಸು ಕಾಲದ ಕೊನೆಯ ವಾರವು ಗರಿಗಳ ಭಾನುವಾರದಿಂದ ಮೊದಲಾಗುತ್ತದೆ. ಯೇಸುಸ್ವಾಮಿಯು ಜೆರುಸಲೇಮನ್ನು ಪ್ರವೇಶಿಸಿದಾಗ ಜನರು ಖರ್ಜೂರದ ಗರಿಗಳನ್ನು ಹಿಡಿದು ಎದುರುಗೊಂಡರೆಂದು ಶುಭಸಂದೇಶ ಹೇಳುತ್ತದೆ. ಇಲ್ಲಿ ತೆಂಗಿನ ಎಳೆಗರಿ ಆ ಸ್ಥಾನವನ್ನು ಪಡೆದಿದೆ. ತಮಿಳಿನಲ್ಲಿ ದಿನದ ಹೆಸರೇ ಕುರುತ್ತೋಲೆಯ ಭಾನುವಾರ.

ಗರಿಯ ಒಂದು ಎಲೆಯಿಂದ ನಡುಗಡ್ಡಿಯನ್ನು ತೆಗೆದರೆ ಎರಡು ಪಟ್ಟಿಗಳಾಗುತ್ತವೆ. ಒಂದನ್ನು ಎರಡಾಗಿ ಮಡಚಿ ನಿಲುವಾಗಿ ಹಿಡಿಯಬೇಕು. ಇನ್ನೊಂದನ್ನು ಅಡ್ಡಲಾಗಿಟ್ಟು, ಅದರ ಉದ್ದವಾದ ತುದಿಯನ್ನು ಸಂಧಿಯ ಮೇಲೆ ಓರೆಯಾಗಿ ಒಮ್ಮೆ, ಎದುರು ಓರೆಯಲ್ಲಿ ಇನ್ನೊಮ್ಮೆ ಸುತ್ತಿ ಹಿಂಬದಿಯ ಸುತ್ತಿನೊಳಗೆ ಸಿಕ್ಕಿಸಿದರೆ ಶಿಲುಬೆ ಸಿದ್ಧ. ಅಂಟು, ದಾರ ಯಾವುದೂ ಬೇಡ. ಆ ಶಿಲುಬೆಯನ್ನು ಮನೆಯ ಪಟದ ಹಿಂದೆ ವರ್ಷವಿಡೀ ಇರಿಸಿ, ಮುಂದಿನ ತಪಸ್ಸು ಕಾಲಕ್ಕೆ ಮುನ್ನ ದೇವಾಲಯಕ್ಕೆ ಒಪ್ಪಿಸುವುದು ವಾಡಿಕೆ. ಅವನ್ನು ಸುಟ್ಟ ಬೂದಿಯೇ ವಿಭೂತಿ ಬುಧವಾರ ಹಣೆಗೆ ಬರುತ್ತದೆ. ತಾನು ಮಡಚಿದ ಹಸಿರು ಗರಿಯೇ ಮರುವರ್ಷ ತನ್ನ ಹಣೆಯ ಬೂದಿಯಾಯಿತೆಂದು ತಿಳಿದ ಮಗುವಿಗೆ ಬಾಳಿನ ಅನಿತ್ಯತೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಶುಭ ಶುಕ್ರವಾರಕ್ಕೆ ಸಿಹಿಯಿಲ್ಲ. ತಮಿಳುನಾಡಿನ ಅನೇಕ ದೇವಾಲಯಗಳಲ್ಲಿ ಅಂದು ಗಂಜಿ ಹಂಚುತ್ತಾರೆ. ಹಂಚುವವರ ಸಾಲಿನಲ್ಲಿ ಮಕ್ಕಳೂ ನಿಲ್ಲಲಿ. ಪುನರುತ್ಥಾನ ಭಾನುವಾರಕ್ಕೆ ಮೊಟ್ಟೆಗಳಿಗೆ ಬಣ್ಣ ಹಚ್ಚುವ ಪದ್ಧತಿ, ಹಿಂದೆ ತಪಸ್ಸು ಕಾಲದಲ್ಲಿ ಮೊಟ್ಟೆಯನ್ನೂ ವರ್ಜಿಸುತ್ತಿದ್ದುದರ ನೆನಪು. ಅಂಗಡಿಯ ಬಣ್ಣಗಳನ್ನು ಹುಡುಕಬೇಕಿಲ್ಲ: ಈರುಳ್ಳಿಯ ಸಿಪ್ಪೆಯೊಡನೆ ಬೇಯಿಸಿದರೆ ಕೆಂಗಂದು, ಅರಿಸಿನದೊಡನೆ ಬೇಯಿಸಿದರೆ ಹಳದಿ ಬಣ್ಣ ಏರುತ್ತದೆ. ನೀರಿಗೆ ಒಂದು ಚಮಚ ವಿನಿಗರ್ ಬೆರೆಸಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಶಾಲೆ ತೆರೆಯುವ ಜೂನ್ ತಿಂಗಳ 13 ಸಂತ ಅಂತೋಣಿಯವರ ಹಬ್ಬ. ಅವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಸಂಪ್ರದಾಯ ಹಳೆಯದು. ಮಗು ತನ್ನ ಕೈಯಿಂದ ನಾಲ್ಕು ಬನ್ನು ಕೊಟ್ಟು ಬಂದರೆ ಆ ದಿನದ ಆಚರಣೆ ಪೂರ್ಣವಾಗುತ್ತದೆ.

ಹೂವಿನ ಒಂಬತ್ತು ದಿನ

ಸೆಪ್ಟೆಂಬರ್ 8 ಮಾತೆ ಮರಿಯಳ ಜನನದ ಹಬ್ಬ. ವೇಳಾಂಗಣ್ಣಿಯಲ್ಲಿ ಆಗಸ್ಟ್ 29ರಂದೇ ಧ್ವಜವೇರುತ್ತದೆ. ಕಾವಿಯುಟ್ಟ ಯಾತ್ರಿಕರು ಎಷ್ಟೋ ದೂರದಿಂದ ಕಾಲ್ನಡಿಗೆಯಲ್ಲಿಯೇ ಅಲ್ಲಿಗೆ ಸಾಗುತ್ತಾರೆ. ಕರಾವಳಿಯಲ್ಲಿ ಇದು ‘ಮೊಂತಿ ಫೆಸ್ತ್’, ತೆನೆಹಬ್ಬ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಹೂವು ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಪ್ರತಿ ಮನೆಯವರೂ ಕೊಂಡೊಯ್ದು, ಅದರ ಕಾಳನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚಿದ ಮೇಲೆ ಬಾಳೆಯೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ.

ಈ ಹಬ್ಬವು ಗಡಿನಾಡಿನ ಮನೆಗೆ ಸುಲಭವಾಗಿ ಹೊಂದುತ್ತದೆ. ಭತ್ತವಿಲ್ಲದ ಕಡೆ ಆ ಕಾಲದಲ್ಲಿ ದೊರೆತ ಸಜ್ಜೆಯ ಇಲ್ಲವೆ ಜೋಳದ ತೆನೆಯಾದರೂ ಆದೀತು. ಒಂಬತ್ತು ದಿನಕ್ಕೆ ಒಂಬತ್ತು ಬಗೆಯ ಹೂವು: ಚೆಂಡುಹೂ, ಕನಕಾಂಬರ, ಸೇವಂತಿಗೆ, ದಾಸವಾಳ, ಕಣಗಿಲೆ. ಬಿಟ್ಟ ಹೂವಿನ ಹೆಸರನ್ನು ಮಗು ಅಂದಂದೇ ಕನ್ನಡದಲ್ಲಿ ಬರೆದು, ಒಂದು ದಳವನ್ನು ಪುಸ್ತಕದ ಹಾಳೆಗೆ ಅಂಟಿಸಲಿ. ಹಬ್ಬ ಮುಗಿದಾಗ ಪ್ರಾರ್ಥನೆಯೂ ಪದಕೋಶವೂ ಒಟ್ಟಿಗೆ ಉಳಿಯುತ್ತವೆ.

ಹೆಸರು ಬರೆಯುವ ಹಬ್ಬ

ವರ್ಷದ ಕೊನೆಗೆ ನವೆಂಬರ್ 1 ಸಕಲ ಸಂತರ ಹಬ್ಬ, 2 ಸಕಲ ಮೃತರ ಸ್ಮರಣೆ. ಸಮಾಧಿಗಳನ್ನು ತೊಳೆದು ಹೂವಿಟ್ಟು ದೀಪ ಹಚ್ಚುವ ಈ ದಿನಕ್ಕೆ ಯಾವ ಸಿಹಿಯೂ ಅಗತ್ಯವಿಲ್ಲ. ಆದರೆ ಒಂದು ಕೈಗೆಲಸ ಅಗತ್ಯ. ದಪ್ಪ ಕಾಗದದ ಮೇಲೆ ಮರವೊಂದನ್ನು ಬಿಡಿಸಿ, ಒಂದೊಂದು ಎಲೆಯಲ್ಲಿ ತೀರಿಹೋದ ಒಬ್ಬೊಬ್ಬರ ಹೆಸರನ್ನು ಮಕ್ಕಳು ಕನ್ನಡದಲ್ಲಿ ಬರೆಯಬೇಕು: ಅಜ್ಜ, ಅಜ್ಜಿ, ಮುತ್ತಜ್ಜಿ, ಅವರ ಊರು, ಅವರು ಮಾಡುತ್ತಿದ್ದ ಕಸುಬು. ಹೆಸರು ತಿಳಿಯದಿದ್ದರೆ ಹಿರಿಯರನ್ನು ಕೇಳಬೇಕು. ಕೇಳಿದಾಗ ಕಥೆಗಳು ಹೊರಬರುತ್ತವೆ. ಆ ಕಥೆಗಳನ್ನು ಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಉಳಿದಿರುತ್ತಾರೆ, ಮತ್ತು ಅವರು ಅವನ್ನು ಕನ್ನಡದಲ್ಲಿಯೇ ಬಲ್ಲರು. ಮೊಮ್ಮಗುವಿಗೆ ಕನ್ನಡ ಓದಲು ಬಂದರೆ ಮಾತ್ರ ಆ ಮರದ ಎಲೆಗಳು ಮುಂದಿನ ವರ್ಷವೂ ಅರ್ಥವಾಗುವವು.

ಇವೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಬೇಕೆಂಬ ಹಟ ಬೇಡ. ದುಡಿದು ದಣಿದು ಬರುವ ತಂದೆತಾಯಿಯರಿಗೆ ಪಾಕ, ಕಾಗದ, ಬಿದಿರು ಎಲ್ಲವನ್ನೂ ಕೂಡಿಸಲು ಬಿಡುವಿರದು. ವರ್ಷಕ್ಕೆ ಎರಡು ಹಬ್ಬಗಳನ್ನು ಆರಿಸಿಕೊಂಡು, ಅವನ್ನು ತಪ್ಪದೆ, ಅದೇ ಬಗೆಯಲ್ಲಿ, ಅದೇ ಮಾತುಗಳಲ್ಲಿ ಆಚರಿಸಿದರೆ ಸಾಕು. ಮಕ್ಕಳ ನೆನಪಿನಲ್ಲಿ ಬೇರೂರುವುದು ಮರಳಿ ಮರಳಿ ಬಂದದ್ದೇ. ಮೊದಲ ಹೆಜ್ಜೆಗೆ ಖರ್ಚೂ ಇಲ್ಲ: ಡಿಸೆಂಬರ್ 13ರ ಸಂಜೆ ಒಂದು ಹಿಡಿ ರಾಗಿ, ಒಂದು ತೆಂಗಿನ ಚಿಪ್ಪು, ಸ್ವಲ್ಪ ಮಣ್ಣು.