ಕಾಲ್ಚೆಂಡಾಟವೂ ಕಣ್ಣೂರು ಗಾಡಿಯೂ

ಕಾಲ್ಚೆಂಡಾಟಕ್ಕೂ ರೈಲುಗಾಡಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಊರ ಗದ್ದೆಯಲ್ಲಿ ಆಟ ನೋಡುವವನಿಗೆ ಯಾವ ನಂಟೂ ಇಲ್ಲ. ಆಟ ಮುಗಿದರೆ ಎದ್ದು ಮನೆಗೆ ನಡೆದರಾಯಿತು. ಆದರೆ ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಕಕ್ಕಿಂಜೆಯಿಂದ ಹೊರಟು, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ, ಮರುದಿನ ತರಗತಿಗೆ ಹಾಜರಾಗಬೇಕು ಎನ್ನುವವನು ಪಂದ್ಯದ ಲೆಕ್ಕವನ್ನು ಗಾಡಿಯ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕಾಗುತ್ತದೆ. ಆ ಎಣಿಕೆಯ ವಿಚಾರವನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಬೆಳ್ತಂಗಡಿ ತಾಲೂಕಿನಲ್ಲಿ ರೈಲು ನಿಲ್ದಾಣವಿಲ್ಲ. ನಮಗೆ ಅನುಕೂಲವಾದದ್ದೆಂದರೆ ಬಿ.ಸಿ.ರೋಡಿನ ಬಳಿಯ ಬಂಟ್ವಾಳ ನಿಲ್ದಾಣ. ಉಜಿರೆ, ಬೆಳ್ತಂಗಡಿ, ಮಡಂತ್ಯಾರು ದಾಟಿ ಅಲ್ಲಿಗೆ ಮುಟ್ಟಲು ಸುಮಾರು ೫೦ ಕಿ.ಮೀ. ಬಸ್ಸಿನಲ್ಲಿ ಕೂರಬೇಕು. ಬೆಂಗಳೂರು ಪೂರ್ವಕ್ಕಿದೆ, ನಾವು ಮೊದಲು ಪಶ್ಚಿಮಕ್ಕೆ ಹೋಗುತ್ತೇವೆ! ಮನೆಯ ಮುಂದಿನಿಂದಲೇ ಘಾಟಿ ಹತ್ತುವ ಬಸ್ಸಿರುವಾಗ ಇದೇಕೆ ಎಂದರೆ, ರೈಲಿನ ಸಾಮಾನ್ಯ ದರ್ಜೆಯ ಚೀಟಿ ಅಗ್ಗ. ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅದಲ್ಲದೆ ೨೦೧೯ರ ಆಗಸ್ಟಿನ ಮಳೆಗೆ ಚಾರ್ಮಾಡಿ ರಸ್ತೆಯೇ ಕುಸಿದುದನ್ನು ಕಂಡವರು ಆ ದಾರಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ರೈಲುದಾರಿಯೂ ಮಳೆಗೆ ಹೊರತಲ್ಲವೆನ್ನಿ. ೨೦೨೪ರ ಜುಲೈ ಕೊನೆಯಲ್ಲಿ ಎಡಕುಮರಿಯ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಹಲವು ದಿನ ಗಾಡಿಗಳು ನಿಂತಿದ್ದವು.

ಈಗ ಲೆಕ್ಕಕ್ಕೆ ಬರೋಣ. ೨೦೨೪-೨೫ರ ಇಂಡಿಯನ್ ಸೂಪರ್ ಲೀಗಿನಲ್ಲಿ ರಾತ್ರಿಯ ಪಂದ್ಯಗಳು ಏಳೂವರೆಗೆ ಆರಂಭವಾಗುತ್ತಿದ್ದವು. ಎರಡು ಅರ್ಧಗಳಿಗೆ ತೊಂಬತ್ತು ನಿಮಿಷ, ನಡುವಣ ವಿರಾಮಕ್ಕೆ ಹದಿನೈದು, ಗಾಯ ಮತ್ತು ವಿಳಂಬಗಳಿಗೆಂದು ರೆಫರಿ ಸೇರಿಸುವ ಏಳೆಂಟು. ಅಲ್ಲಿಗೆ ಒಂಬತ್ತು ಇಪ್ಪತ್ತೈದು. ಮಂಗಳೂರಿನ ಮೇಲಿಂದ ಹೋಗುವ ಕಣ್ಣೂರು ಎಕ್ಸ್‌ಪ್ರೆಸ್ ಬೆಂಗಳೂರು ನಗರ ನಿಲ್ದಾಣವನ್ನು ಬಿಡುವುದು ಒಂಬತ್ತೂವರೆಯ ಸುಮಾರಿಗೆ. ಕ್ರೀಡಾಂಗಣದಿಂದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣಕ್ಕೆ ಹತ್ತು ಹನ್ನೆರಡು ನಿಮಿಷ ನಡಿಗೆ, ಅಲ್ಲಿ ಚೀಲದ ತಪಾಸಣೆ, ಗಾಡಿಗೆ ಕಾಯುವುದು, ಮೆಜೆಸ್ಟಿಕ್ ದಾಟಿ ರೈಲು ನಿಲ್ದಾಣದ ಮುಂದೆ ಇಳಿಯುವುದು, ಬಳಿಕ ಮೇಲ್ಸೇತುವೆ ಹತ್ತಿ ಸಾಮಾನ್ಯ ಬೋಗಿಯನ್ನು ಹುಡುಕಿಕೊಂಡು ಓಡುವುದು. ಎಷ್ಟು ಜಗ್ಗಿದರೂ ಇದು ಅರ್ಧ ಗಂಟೆಗಿಂತ ಕಡಿಮೆಯಾಗದು. ಆದುದರಿಂದ ಎರಡನೆಯ ಅರ್ಧದ ಇಪ್ಪತ್ತೈದನೆಯ ನಿಮಿಷಕ್ಕೆ ಏಳಲೇಬೇಕು.

ನಾನು ಎದ್ದೆ. ಅದು ನಾನು ಕಣ್ಣಾರೆ ನೋಡಿದ ಮೊದಲ ದೊಡ್ಡ ಪಂದ್ಯ. ಎರಡು ಪಕ್ಷಕ್ಕೂ ಗೋಲಿಲ್ಲ. ಸಾಲಿನಲ್ಲಿ ಕೂತವರ ಮೊಣಕಾಲು ದಾಟುತ್ತ ಬರುವಾಗ ಹಿರಿಯರೊಬ್ಬರು, “ಈಗ ಎಲ್ಲಿಗಪ್ಪಾ, ಆಟ ಈಗ ತಾನೇ ಬಿಸಿಯಾಗುತ್ತಿದೆ” ಎಂದರು. “ಗಾಡಿ ಇದೆ ಸಾರ್” ಎಂದೆ. ಕಬ್ಬನ್ ಉದ್ಯಾನದ ಮರಗಳ ಕೆಳಗೆ ಅರ್ಧ ದಾರಿ ನಡೆದಿದ್ದೆನಷ್ಟೆ, ಬೆನ್ನ ಹಿಂದೆ ದೊಡ್ಡ ಬೊಬ್ಬೆ ಎದ್ದಿತು. ಅಷ್ಟು ದೊಡ್ಡದಾಗಿ ಕೂಗಿದರೆಂದರೆ ನಮ್ಮವರದೇ ಗೋಲು. ಒಂದು ಕ್ಷಣ ನಿಂತು, ಮತ್ತೆ ಓಡಿದೆ.

ಇದಕ್ಕಿಂತ ಹೆಚ್ಚಿನ ನಷ್ಟಕ್ಕೂ ಉದಾಹರಣೆಯಿದೆ. ೨೦೨೩ರ ಮಾರ್ಚ್ ೩ರಂದು ಇದೇ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಪಕ್ಷಗಳ ನಡುವೆ ಸೋತವರು ಹೊರಬೀಳುವ ಪಂದ್ಯ ನಡೆಯಿತು. ತೊಂಬತ್ತು ನಿಮಿಷಕ್ಕೂ ತೀರ್ಮಾನವಾಗದೆ ಹೆಚ್ಚುವರಿ ಹೊತ್ತಿಗೆ ಹೋಯಿತು. ೯೬ನೆಯ ನಿಮಿಷದಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ, ಸುನಿಲ್ ಛೇಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು; ಕೇರಳದ ತರಬೇತುದಾರರು ಪ್ರತಿಭಟಿಸಿ ಆಟಗಾರರನ್ನು ಹೊರಗೆ ಕರೆದೊಯ್ದರು. ದೇಶವೆಲ್ಲ ವಾರಗಟ್ಟಲೆ ಚರ್ಚಿಸಿದ ಗೋಲದು. ಏಳೂವರೆಯಿಂದ ಎಣಿಸಿದರೆ ಅದು ಬಿದ್ದುದು ಒಂಬತ್ತೂವರೆಯ ಆಚೀಚೆ, ಎಂದರೆ ಸರಿಯಾಗಿ ಕಣ್ಣೂರು ಗಾಡಿ ಹೊರಡುವ ಹೊತ್ತಿಗೆ.

ಗಾಡಿಯನ್ನು ಕಾಲು ಗಂಟೆ ನಿಲ್ಲಿಸಬಾರದೇ ಎಂದು ಗೆಳೆಯರು ಕೇಳುತ್ತಾರೆ. ಇದು ನಮ್ಮ ಖಾಸಗಿ ಬಸ್ಸಿನ ಕಂಡಕ್ಟರನಿಗೆ ಕೈ ತೋರಿಸಿದಂತಲ್ಲ. ಈ ದಾರಿಯ ಗಂಟಲು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ೫೫ ಕಿ.ಮೀ. ಘಾಟಿ. ಅಲ್ಲಿ ೫೭ ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಇಳಿಜಾರು. ಇರುವುದು ಒಂದೇ ಜೊತೆ ಹಳಿ. ಮೇಲೇರುವ ಗಾಡಿಯೂ ಇಳಿಯುವ ಗಾಡಿಯೂ ಒಂದನ್ನೊಂದು ದಾಟಬೇಕಾದರೆ ಎಡಕುಮರಿ, ಕಡಗರವಳ್ಳಿಯಂಥ ಕಾಡಿನ ನಿಲ್ದಾಣಗಳಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಕೊಡಬೇಕು. ಬೆಂಗಳೂರಿನಲ್ಲಿ ತಡವಾದ ಕಾಲು ಗಂಟೆ ಘಾಟಿಗೆ ಬರುವಾಗ ಎಷ್ಟಾಗಿ ಬೆಳೆಯುವುದೋ ಹೇಳಲಾಗದು. ೧೯೭೯ರಲ್ಲಿ ಮೀಟರ್ ಗೇಜಾಗಿ ತೆರೆದ ಈ ದಾರಿ ಅಗಲೀಕರಣಕ್ಕೆಂದು ವರ್ಷಗಟ್ಟಲೆ ಮುಚ್ಚಿದ್ದು, ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ಗಾಡಿ ಇರುವುದೇ ದೊಡ್ಡದು ಎಂದು ನಮ್ಮ ಹಿರಿಯರು ಹೇಳುವುದರಲ್ಲಿ ಅರ್ಥವಿಲ್ಲದಿಲ್ಲ.

ನಗರದೊಳಗಿನ ಮೆಟ್ರೊ ಗಾಡಿಯ ಕಥೆ ಬೇರೆ. ಅದು ಪಂದ್ಯಕ್ಕಾಗಿ ಕಾಯಬಲ್ಲುದು, ಕಾದದ್ದೂ ಉಂಟು. ೨೦೨೩ ಮತ್ತು ೨೦೨೪ರಲ್ಲಿ ಐಪಿಎಲ್ ಕ್ರಿಕೆಟ್ ಪಂದ್ಯಗಳ ರಾತ್ರಿ ಬೆಂಗಳೂರಿನಲ್ಲಿ ಕೊನೆಯ ಮೆಟ್ರೊ ಗಾಡಿಯ ಹೊತ್ತನ್ನು ಮುಂದಕ್ಕೆ ಹಾಕಿ, ಹಿಂದಿರುಗುವವರಿಗಾಗಿ ೫೦ ರೂಪಾಯಿಯ ಕಾಗದದ ಚೀಟಿಯನ್ನು ಮುಂಚಿತವಾಗಿಯೇ ಮಾರಿದರು. ಕಾಗದದ ಚೀಟಿ ಅಲ್ಪ ವಿಷಯವೆಂದು ತೋರಬಹುದು. ಆದರೆ ಗುಟ್ಟು ಇರುವುದು ಅಲ್ಲಿಯೇ. ಆರು ಬೋಗಿಯ ಒಂದು ಮೆಟ್ರೊ ಗಾಡಿ ಎರಡು ಸಾವಿರದಷ್ಟು ಜನರನ್ನು ಹೊರುತ್ತದೆ. ಹತ್ತು ಸಾವಿರ ಮಂದಿ ಬಂದರೂ ಐದಾರು ಗಾಡಿಗಳು ಸಾಕು. ಜನ ಸಿಕ್ಕಿಕೊಳ್ಳುವುದು ಚೀಟಿಯ ಕಿಟಕಿಯಲ್ಲಿ, ತಪಾಸಣೆಯ ಬಾಗಿಲಲ್ಲಿ, ಮೆಟ್ಟಿಲ ಬಾಯಲ್ಲಿ. ಬರುವಾಗ ಅವರು ಎರಡು ಗಂಟೆಗಳುದ್ದಕ್ಕೆ ಚದುರಿ ಬರುತ್ತಾರೆ. ಹೋಗುವಾಗ ಒಂದೇ ಸೀಟಿಗೆ ಎಲ್ಲರೂ ಏಳುತ್ತಾರೆ. ೨೦೨೫ರ ಜೂನ್ ೪ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಪಂದ್ಯವೇ ಇಲ್ಲದ ವಿಜಯೋತ್ಸವದ ದಿನ, ನೂಕುನುಗ್ಗಲಿನಲ್ಲಿ ೧೧ ಮಂದಿ ಸತ್ತರು. ಆ ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೊ ಗಾಡಿಗಳನ್ನು ನಿಲ್ಲಿಸದೆ ಮುಂದಕ್ಕೆ ಬಿಡಬೇಕಾಯಿತು. ನಾನು ಓಡಿದ ದಾರಿಯೂ ಅದೇ ಸುತ್ತಿನದು. ಆ ಸುದ್ದಿ ಓದಿದ ಮೇಲೆ ಅಮ್ಮ ನನ್ನನ್ನು ಪಂದ್ಯಕ್ಕೆ ಕಳಿಸಲು ಒಪ್ಪಿಲ್ಲ.

ಪರದೇಶಗಳಲ್ಲಿ ಈ ನಂಟು ಹಳೆಯದು. ಲಂಡನ್ನಿನಲ್ಲಿ ೧೯೩೨ರಲ್ಲಿ ಗಿಲೆಸ್ಪಿ ರೋಡ್ ಎಂಬ ಸುರಂಗ ರೈಲು ನಿಲ್ದಾಣದ ಹೆಸರನ್ನೇ ಆರ್ಸೆನಲ್ ಎಂಬ ಕಾಲ್ಚೆಂಡಿನ ಪಕ್ಷದ ಹೆಸರಿಗೆ ಬದಲಾಯಿಸಿದರು. ಜರ್ಮನಿಯಲ್ಲಿ ಅನೇಕ ಕಡೆ ಪಂದ್ಯದ ಚೀಟಿಯೇ ಆ ದಿನದ ಸ್ಥಳೀಯ ರೈಲು ಬಸ್ಸುಗಳ ಚೀಟಿಯೂ ಹೌದು. ೨೦೨೪ರಲ್ಲಿ ಅಲ್ಲಿ ಯೂರೋ ಪಂದ್ಯಾಟ ನಡೆದಾಗ ಪ್ರೇಕ್ಷಕರಿಗೆ ೩೬ ಗಂಟೆಗಳ ಪ್ರಯಾಣದ ರಹದಾರಿ ಕೊಟ್ಟಿದ್ದರು.

ಅಷ್ಟು ದೂರ ಹೋಗುವುದೇಕೆ, ಕೊಚ್ಚಿಗೆ ಹೋದರೆ ಸಾಕು. ನನ್ನ ತರಗತಿಯಲ್ಲಿ ನಮ್ಮೂರಿನವನೇ ಆದ ಗೆಳೆಯನೊಬ್ಬ ಕೇರಳ ಬ್ಲಾಸ್ಟರ್ಸ್ ಪಕ್ಷದವನು. ನಮ್ಮಿಬ್ಬರಿಗೆ ಇದರಿಂದಾಗಿ ವರ್ಷಕ್ಕೆರಡು ದಿನ ಮಾತುಕತೆ ಇರುವುದಿಲ್ಲ. ಆತ ಮಂಗಳೂರಿನಿಂದ ಬೆಳಗಿನ ಗಾಡಿ ಹಿಡಿದು ಸುಮಾರು ೪೦೦ ಕಿ.ಮೀ. ದೂರದ ಎರ್ನಾಕುಳಕ್ಕೆ ಹೋಗುತ್ತಾನೆ. ಕಲೂರಿನ ಕ್ರೀಡಾಂಗಣದ ಎದುರಿಗೇ ೨೦೧೭ರಿಂದ ಮೆಟ್ರೊ ನಿಲ್ದಾಣವಿದೆ. ಪಂದ್ಯದ ದಿನಗಳಲ್ಲಿ ರಾತ್ರಿ ಹನ್ನೊಂದರ ಬಳಿಕವೂ ಗಾಡಿ ಬಿಟ್ಟದ್ದುಂಟು. ಅಲ್ಲಿಂದ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಎರ್ನಾಕುಳಂ ಟೌನ್ ರೈಲು ನಿಲ್ದಾಣ. ಮಂಗಳೂರಿಗೆ ಬರುವ ಮಲಬಾರ್ ಎಕ್ಸ್‌ಪ್ರೆಸ್ ಅಲ್ಲಿಗೂ, ಮಾವೇಲಿ ಎಕ್ಸ್‌ಪ್ರೆಸ್ ಎರ್ನಾಕುಳಂ ಜಂಕ್ಷನ್ನಿಗೂ ಬರುವುದು ಹನ್ನೊಂದರ ಮೇಲೆ. ಯಾರೂ ಕಾಲ್ಚೆಂಡಿಗಾಗಿ ಆ ಹೊತ್ತನ್ನು ಇಟ್ಟದ್ದಲ್ಲ, ತಿರುವನಂತಪುರದಿಂದ ಸಂಜೆ ಹೊರಟ ಗಾಡಿ ಎರ್ನಾಕುಳಕ್ಕೆ ಬರುವ ಹೊತ್ತೇ ಅದು. ಆದರೂ ಅವನು ಕೊನೆಯ ಸೀಟಿಯವರೆಗೆ ಕೂತು, ಚಹ ಕುಡಿದು, ನಿಧಾನವಾಗಿ ಗಾಡಿ ಹತ್ತುತ್ತಾನೆ. ನಮ್ಮ ರಾಜಧಾನಿಯ ಪಂದ್ಯಕ್ಕಿಂತ ಪಕ್ಕದ ರಾಜ್ಯದ ಪಂದ್ಯ ದಕ್ಷಿಣ ಕನ್ನಡದ ಹುಡುಗನಿಗೆ ಹತ್ತಿರವಾಗಿರುವುದು ಹೀಗೆ.

ಗಾಡಿಯನ್ನು ಸರಿಸಲಾಗದಿದ್ದರೆ ಪಂದ್ಯವನ್ನು ಸರಿಸಬಹುದಲ್ಲವೇ? ಎರಡು ಪಂದ್ಯಗಳಿರುವ ದಿನ ಮೊದಲನೆಯದನ್ನು ಐದು ಗಂಟೆಗೇ ಆಡಿಸುವ ರೂಢಿ ಲೀಗಿನಲ್ಲಿತ್ತು. ಏಳೂವರೆಯ ಹೊತ್ತು ಟೆಲಿವಿಷನ್ ನೋಡುವವರಿಗೆ ಹೊಂದುವ ಹೊತ್ತು. ಮನೆಯಲ್ಲಿ ಕೂತವರು ಲಕ್ಷಗಟ್ಟಲೆ, ನಾವು ಸಾಮಾನ್ಯ ಬೋಗಿಯವರು ಎಷ್ಟು ಮಂದಿ? ನಮಗೆ ಬೇಕಾದುದು ಐದು ಗಂಟೆಯೂ ಅಲ್ಲ. ಏಳಕ್ಕೆ ಆರಂಭಿಸಿದರೆ ಒಂಬತ್ತರೊಳಗೆ ಮುಗಿದು, ನಡೆದು ಹೋಗಿಯೂ ಗಾಡಿ ಸಿಕ್ಕೀತು.

ಆ ರಾತ್ರಿ ನನಗೆ ಗಾಡಿ ಸಿಕ್ಕಿತು. ಬಾಗಿಲ ಬಳಿ ನೀಲಿ ಅಂಗಿಯ ಇನ್ನಿಬ್ಬರು ನಿಂತಿದ್ದರು, ಹಾಸನದವರು. ಮೂವರೂ ಒಂದೇ ಫೋನಿನ ಪರದೆಯ ಮೇಲೆ ಬಗ್ಗಿ ನಾವು ಬಿಟ್ಟು ಬಂದ ಗೋಲನ್ನು ನೋಡಿದೆವು. ಬೆಳಗಾಗುವಾಗ ಬಂಟ್ವಾಳ, ಅಲ್ಲಿಂದ ಬಸ್ಸು. ಕಕ್ಕಿಂಜೆಯ ಪೇಟೆಯಲ್ಲಿ ಇಳಿದಾಗ ಅಪ್ಪ ಅಂಗಡಿಯ ಮುಂದೆ ನಿಂತಿದ್ದರು. “ಗೆದ್ದರಾ ಮಾರಾಯ?” ಎಂದು ಕೇಳಿದರು. “ಗೆದ್ದರು” ಎಂದೆ. “ಗೋಲು ಹೇಗೆ ಹೊಡೆದದ್ದು?” ಎಂದು ಮತ್ತೆ ಕೇಳಿದರು. ನಾನು ಫೋನಿನಲ್ಲಿ ಕಂಡದ್ದನ್ನು ಕಣ್ಣಾರೆ ಕಂಡಂತೆ ವಿವರಿಸಿ ಹೇಳಿದೆ.