ಚಿನ್ನದ ಕಣಗಳಿಗೆ ಗೋಂದಿನ ಕಾವಲು

ಚಿನ್ನದ ಬಣ್ಣ ಯಾವುದು? ಹಳದಿ ಅಂತ ಎಲ್ಲರೂ ಹೇಳ್ತೀರಿ. ಆದರೆ ಅದೇ ಚಿನ್ನವನ್ನು ಸುಮಾರು 20 ನ್ಯಾನೊಮೀಟರ್ ಗಾತ್ರದ ಕಣಗಳಾಗಿ ನೀರಿನಲ್ಲಿ ಹರಡಿದರೆ, ನೀರು ದಾಳಿಂಬೆ ರಸದ ಹಾಗೆ ಕೆಂಪಾಗಿ ಕಾಣುತ್ತದೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಒಂದು ನ್ಯಾನೊಮೀಟರ್. ಇಂಥ ದ್ರವಕ್ಕೆ ಕಲಿಲ ಎಂದು ಹೆಸರು.

ತಯಾರಿಸುವುದು ಹೇಗೆ?

ಚಿನ್ನದ ಕ್ಲೋರೈಡ್ ದ್ರಾವಣದಲ್ಲಿ ಚಿನ್ನವು ಅಯಾನುಗಳ ರೂಪದಲ್ಲಿ ಇರುತ್ತದೆ. ಅದನ್ನು ಕುದಿಸಿ ಸೋಡಿಯಂ ಸಿಟ್ರೇಟ್ ಹಾಕಿದರೆ, ಸಿಟ್ರೇಟ್ ಈ ಅಯಾನುಗಳಿಗೆ ಎಲೆಕ್ಟ್ರಾನು ಕೊಡುತ್ತದೆ. ಇದೇ ಅಪಕರ್ಷಣ. ಅಯಾನುಗಳು ಪರಮಾಣುಗಳಾಗಿ, ಪರಮಾಣುಗಳು ಒಟ್ಟುಗೂಡಿ ಕಣಗಳಾಗುತ್ತವೆ. ಕೆಲವೇ ನಿಮಿಷಗಳಲ್ಲಿ ದ್ರವ ಕೆಂಪಾಗುತ್ತದೆ. ಇದಕ್ಕೂ ಬಹಳ ಮೊದಲು, 1857ರಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ರಂಜಕವನ್ನು ಬಳಸಿ ಕೆಂಪು ಚಿನ್ನದ ದ್ರವ ಮಾಡಿದ್ದನ್ನು ವಿವರಿಸಿದ್ದರು.

ಉಪ್ಪು ಬಿದ್ದರೆ ಏನಾಗುತ್ತದೆ?

ಕಣಗಳನ್ನು ಮಾಡುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಹತ್ತಿರ ಬಂದ ಕಣಗಳ ನಡುವೆ ಆಕರ್ಷಣೆ ಇರುತ್ತದೆ, ಬಿಟ್ಟರೆ ಅಂಟಿಕೊಂಡುಬಿಡುತ್ತವೆ. ಸಿಟ್ರೇಟ್ ಪ್ರತಿ ಕಣದ ಸುತ್ತ ಋಣ ವಿದ್ಯುದಾವೇಶ ಕೊಡುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆದರೆ ಈ ದ್ರವಕ್ಕೆ ಅಡುಗೆ ಉಪ್ಪು ಹಾಕಿದರೆ ಸೋಡಿಯಂ ಅಯಾನುಗಳು ಕಣಗಳ ಸುತ್ತ ನೆರೆದು ಆ ಆವೇಶವನ್ನು ಮರೆಮಾಡುತ್ತವೆ. ಕಣಗಳು ಗುಂಪುಗೂಡುತ್ತವೆ, ಕೆಂಪು ಹೋಗಿ ನೀಲಿ ಬರುತ್ತದೆ, ಕೊನೆಗೆ ಚಿನ್ನ ತಳ ಸೇರುತ್ತದೆ. ಆಮೇಲೆ ಎಷ್ಟು ಅಲುಗಾಡಿಸಿದರೂ ಮೊದಲಿನ ಕೆಂಪು ಬರುವುದಿಲ್ಲ.

ಈಗ ಯೋಚಿಸಿ: ನಮ್ಮ ರಕ್ತ, ಮೂತ್ರ, ಮೂಗಿನ ದ್ರವ ಎಲ್ಲದರಲ್ಲೂ ಉಪ್ಪಿದೆ. ಹಾಗಾದರೆ ರೋಗ ಪತ್ತೆಗೆ ಈ ಕಣಗಳನ್ನು ಬಳಸುವುದು ಹೇಗಪ್ಪಾ?

ಪಾಲಿಮರ್ ಕಾವಲು

ಇಲ್ಲಿ ಸಹಾಯಕ್ಕೆ ಬರುವುದು ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು. ಸರಪಳಿಯ ಕೆಲವು ಭಾಗಗಳು ಚಿನ್ನದ ಮೇಲ್ಮೈಗೆ ಅಂಟುತ್ತವೆ. ಉಳಿದವು ಕೂದಲಿನ ಹಾಗೆ ನೀರಿನಲ್ಲಿ ಆಡುತ್ತಿರುತ್ತವೆ. ಎರಡು ಕಣಗಳು ಹತ್ತಿರ ಬಂದಾಗ ಈ 'ಕೂದಲು'ಗಳಿಗೆ ಜಾಗ ಸಾಲದು. ಇಕ್ಕಟ್ಟಾದ ಕಡೆಗೆ ನೀರೂ ನುಗ್ಗುತ್ತದೆ. ಹೀಗೆ ಕಣಗಳು ಮತ್ತೆ ದೂರ ಸರಿಯುತ್ತವೆ. ಈ ತಳ್ಳುವಿಕೆ ಆವೇಶವನ್ನು ನಂಬಿಕೊಂಡಿಲ್ಲ. ಅದಕ್ಕೇ ಉಪ್ಪಿನ ಆಟ ಇಲ್ಲಿ ನಡೆಯುವುದಿಲ್ಲ.

ಯಾವ ಪಾಲಿಮರ್ ಒಳ್ಳೆಯ ಕಾವಲುಗಾರ? ರಿಚರ್ಡ್ ಝಿಗ್ಮಂಡಿ ಅದಕ್ಕೊಂದು ಅಳತೆ ಕೊಟ್ಟರು: ಚಿನ್ನದ ಸಂಖ್ಯೆ. 10 ಮಿಲಿಲೀಟರ್ ಚಿನ್ನದ ಕಲಿಲಕ್ಕೆ ಶೇ. 10ರ ಉಪ್ಪು ನೀರು 1 ಮಿಲಿಲೀಟರ್ ಹಾಕಿದಾಗ, ಬಣ್ಣ ಬದಲಾಗದಂತೆ ತಡೆಯಲು ಕನಿಷ್ಠ ಎಷ್ಟು ಮಿಲಿಗ್ರಾಂ ಪಾಲಿಮರ್ ಬೇಕು ಎಂಬುದೇ ಈ ಸಂಖ್ಯೆ. ಜೆಲಾಟಿನ್ ಸುಮಾರು 0.01 ಸಾಕು, ಆಲೂಗಡ್ಡೆ ಪಿಷ್ಟ ಸುಮಾರು 25 ಬೇಕು! ಜಾಲಿ ಜಾತಿಯ ಮರಗಳ ಗೋಂದು ಇವೆರಡರ ನಡುವೆ ಬರುತ್ತದೆ. ಕಲಿಲಗಳ ಸಂಶೋಧನೆಗಾಗಿ ಝಿಗ್ಮಂಡಿ ಅವರಿಗೆ 1925ರ ನೊಬೆಲ್ ಬಂತು.

ಒಂದು ಎಚ್ಚರಿಕೆ ಇದೆ. ಪಾಲಿಮರ್ ತೀರಾ ಕಡಿಮೆಯಾದರೆ ಒಂದೇ ಸರಪಳಿ ಎರಡು ಕಣಗಳನ್ನು ಹಿಡಿದುಕೊಳ್ಳಬಹುದು. ಆಗ ಕಾವಲುಗಾರನೇ ಕಣಗಳನ್ನು ಗುಂಪುಗೂಡಿಸಿದಂತಾಗುತ್ತದೆ.

ಕೋವಿಡ್ ಸಮಯದಲ್ಲಿ ಮನೆಯಲ್ಲೇ ಮಾಡುತ್ತಿದ್ದ ಪರೀಕ್ಷೆಯ ಪಟ್ಟಿ ನೆನಪಿದೆಯಲ್ವಾ? ಅಂಥ ಅನೇಕ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಚಿನ್ನದ ನ್ಯಾನೊ ಕಣಗಳದ್ದೇ. ಅವುಗಳ ಮೇಲೆ ಪ್ರತಿಕಾಯ ಎಂಬ ಪ್ರೋಟೀನ್ ಹೊದಿಸಿರುತ್ತಾರೆ. ಪ್ರೋಟೀನ್ ಕೂಡ ಪಾಲಿಮರೇ. ಅದು ವೈರಸ್ಸಿನ ಭಾಗವನ್ನು ಹಿಡಿಯುತ್ತದೆ, ಜೊತೆಗೆ ಕಣಗಳನ್ನು ಬಿಡಿಬಿಡಿಯಾಗಿಯೂ ಇಡುತ್ತದೆ.

ಮಾಡಿ ನೋಡಿ

ದೊಡ್ಡವರ ಸಹಾಯದಿಂದ ದೀಪದ ಮಸಿಯನ್ನು ತಟ್ಟೆಯ ಮೇಲೆ ಹಿಡಿಯಿರಿ. ಸ್ವಲ್ಪ ಮಸಿಯನ್ನು ಬರೀ ನೀರಿನಲ್ಲಿ ಕಲಸಿ. ಅಷ್ಟೇ ಮಸಿಯನ್ನು ಗೋಂದಿನ ನೀರಿನಲ್ಲಿ ಚೆನ್ನಾಗಿ ಅರೆದು ಇನ್ನೊಂದು ಲೋಟದ ನೀರಿಗೆ ಹಾಕಿ. ಮಸಿ ಲೋಹವಲ್ಲ, ಆದರೆ ಗೋಂದು ಮಾಡುವ ಕೆಲಸ ಅದೇ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಮರುದಿನ ಎರಡೂ ಲೋಟಗಳನ್ನು ನೋಡಿ, ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದು ಕಾರಣವನ್ನು ನೀವೇ ವಿವರಿಸಿ.